ಬೆಂಕಿ ಹಚ್ಚದೆ ಬ್ಲೇಡು, ಚಿಮಟ ಸ್ಟೆರಿಲೈಸ್ ಮಾಡುವುದು ಹೇಗೆ?

ವಾರಕ್ಕೆ ಒಂದು ಸಲವಾದರೂ ಈ ಪ್ರಶ್ನೆ ಬರುತ್ತದೆ. ಮೈಸೂರಿನ ಕಾಲೇಜು ಲ್ಯಾಬಿನವರು ಕೇಳುತ್ತಾರೆ. ಮಂಡ್ಯ ಕಡೆ ಬಾಳೆ, ಕಬ್ಬಿನ ಟಿಶ್ಯೂ ಕಲ್ಚರ್ (ಗಿಡದ ಸಣ್ಣ ತುಂಡಿನಿಂದ ಬಾಟಲಿಯೊಳಗೆ ಸಸಿ ಬೆಳೆಸುವುದು) ಶುರು ಮಾಡಿದವರು ಕೇಳುತ್ತಾರೆ. "ಸ್ಪಿರಿಟ್ ದೀಪ ಬೇಡ ಅಂತ ಮಣಿ ಸ್ಟೆರಿಲೈಸರ್ ತಗೊಂಡ್ವಿ. ಆದರೂ ಕಂಟಾಮಿನೇಷನ್ ನಿಂತಿಲ್ಲ. ಮೆಷಿನ್ ಸರಿ ಇಲ್ವಾ?"

ಮಣಿ ಸ್ಟೆರಿಲೈಸರ್ ಅಂದರೆ ಒಂದು ಗುಳಿಯಲ್ಲಿ ಸಣ್ಣ ಗಾಜಿನ ಮಣಿಗಳನ್ನು ಕಾಯಿಸುವ ಕರೆಂಟಿನ ಯಂತ್ರ; ಸಲಕರಣೆಯ ತುದಿಯನ್ನು ಆ ಬಿಸಿ ಮಣಿಯೊಳಗೆ ಮುಳುಗಿಸುತ್ತಾರೆ. ಕಂಟಾಮಿನೇಷನ್ ಅಂದರೆ ಬೇಡದ ಜೀವಾಣು ಸೇರಿ ಬೆಳೆಯುವುದು. ಮೆಷಿನ್ ಬಹುತೇಕ ಸರಿಯಾಗೇ ಇರುತ್ತದೆ. ಮಣಿ ಇನ್ನೂ ಕಾದಿರುವುದಿಲ್ಲ, ಇಲ್ಲವೇ ಚಿಮಟ ಒದ್ದೆ ಇರುತ್ತದೆ, ಇಲ್ಲವೇ ಅದಕ್ಕೆ ಅಂಟಿದ ಅಗಾರ್ (ಗಿಡ, ಜೀವಾಣು ಬೆಳೆಸಲು ಬಳಸುವ ಜೆಲ್ಲಿ) ಹಾಗೇ ಇರುತ್ತದೆ. ಇನ್ನೊಂದು ಕಾರಣವನ್ನು ಯಾರೂ ಯೋಚಿಸುವುದೇ ಇಲ್ಲ: ಮಣಿಯೊಳಗೆ ಮುಳುಗದೆ ಉಳಿದ ಭಾಗ ಹೋಗಿ ಅಗಾರ್ ಹಾಕಿದ ಪ್ಲೇಟಿಗೆ ತಗುಲಿರುತ್ತದೆ. ಈ ನಾಲ್ಕನ್ನೂ ಒಂದೊಂದಾಗಿ ನೋಡೋಣ.

ಮೊದಲು ಎರಡು ಮಾತಿನ ಅರ್ಥ ಹೇಳಿಬಿಡುತ್ತೇನೆ. ಸ್ಟೆರಿಲೈಸ್ ಅಂದರೆ ಸಲಕರಣೆಯ ಮೇಲೆ ಒಂದೇ ಒಂದು ಜೀವಾಣುವೂ ಬದುಕಿರದ ಹಾಗೆ ಮಾಡುವುದು. ತೊಳೆದು ಫಳಫಳ ಅನ್ನಿಸಿದರೆ ಅದು ಬರೀ ಕ್ಲೀನ್. ಸ್ಪೋರ್ ಅಂದರೆ ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲಕ್ಕೆ ಅಂತ ಕಟ್ಟಿಕೊಳ್ಳುವ ಗಟ್ಟಿ ಕವಚದ ರೂಪ. ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತಲ್ಲ, ಹಾಗೆ ಇವೂ ಒಣಗಿಕೊಂಡು ಕಾಯುತ್ತವೆ. ಅಗಾರ್ ಸಿಕ್ಕಿದ ಕೂಡಲೇ ಮೊಳೆಯುತ್ತವೆ. ನಾವು ಗೆಲ್ಲಬೇಕಾಗಿರುವುದು ಈ ಸ್ಪೋರ್ ಮೇಲೆ.

ಬೆಂಕಿ ಯಾಕೆ ಬೇಡ?

ದೀಪದ ಬೆಂಕಿ ಕೆಲಸ ಮಾಡುವುದಿಲ್ಲ ಅಂತಲ್ಲ. ತಲೆಮಾರುಗಟ್ಟಲೆ ಮಾಡಿದೆ. ತೊಂದರೆ ಇರುವುದು ಅದರ ಅಕ್ಕಪಕ್ಕ. ಲ್ಯಾಮಿನಾರ್ ಅನ್ನುವುದು ಸೋಸಿದ ಗಾಳಿಯನ್ನು ಒಂದೇ ದಿಕ್ಕಿಗೆ ನೇರವಾಗಿ ಹರಿಸುವ ಪೆಟ್ಟಿಗೆ. ಅದರೊಳಗೆ ದೀಪ ಇಟ್ಟರೆ ಬಿಸಿ ಗಾಳಿ ಮೇಲೇಳುತ್ತದೆ, ನೇರ ಹರಿವು ಕದಡುತ್ತದೆ. ರೋಗಾಣುಗಳ ಕೆಲಸಕ್ಕೆ ಬಳಸುವ ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲಿ ಇದು ಇನ್ನೂ ಕೆಟ್ಟದ್ದು. ಅಲ್ಲಿ ಗಾಳಿಯ ಬಹುಪಾಲು ಒಳಗೇ ಸುತ್ತುತ್ತಿರುತ್ತದೆ. ಸ್ಪಿರಿಟ್ ಆವಿಯೋ ಗ್ಯಾಸೋ ಸೇರಿಕೊಂಡರೆ ಹೊತ್ತಿಕೊಳ್ಳುವ ಭಯ, ಜೊತೆಗೆ ಫಿಲ್ಟರ್ ಕೂಡ ಶಾಖಕ್ಕೆ ಹಾಳಾಗುತ್ತದೆ. ಲೂಪ್, ಅಂದರೆ ತುದಿ ಬಳೆಯಂತೆ ಬಾಗಿಸಿದ ತಂತಿ, ಅದರ ತುಂಬ ಕಲ್ಚರ್ (ಬೆಳೆಸಿದ ಜೀವಾಣು) ತೆಗೆದು ನೇರ ಬೆಂಕಿಗೆ ಹಿಡಿದರೆ ಚಟ್ ಅಂತ ಸಿಡಿಯುತ್ತದೆ. ಆ ಹನಿಗಳಲ್ಲಿ ಕೆಲವು ಸಾಯದೆಯೇ ಗಾಳಿಗೆ ಹೋಗುತ್ತವೆ.

ಸ್ಪಿರಿಟ್‌ನಲ್ಲಿ ಅದ್ದಿ ಬೆಂಕಿ ತೋರಿಸುವ ಅಭ್ಯಾಸಕ್ಕೆ ಇನ್ನೊಂದು ಅಪಾಯ ಇದೆ. ಹಿಂದೆ ನಾನಿದ್ದ ಒಂದು ಲ್ಯಾಬಿನಲ್ಲಿ, ಉರಿಯುತ್ತಿದ್ದ ಚಿಮಟದಿಂದ ಒಂದು ಹನಿ ಬೀಕರ್‌ಗೆ ಬಿತ್ತು. ಬೀಕರ್‌ನ ಬಾಯಿ ಪೂರ್ತಿ ನೀಲಿ ಜ್ವಾಲೆ. ಹಗಲು ಬೆಳಕಿನಲ್ಲಿ ಅದು ಕಾಣಿಸುವುದೇ ಕಷ್ಟ. ಗ್ಲೌಸ್ ಕರಗಿ ಬೆರಳಿಗೆ ಅಂಟಿದಾಗಲೇ ನನಗೆ ಗೊತ್ತಾಗಿದ್ದು. ಅಂದಿನಿಂದ ನನ್ನ ಮೇಜಿನ ಮೇಲೆ ದೀಪ ಇಲ್ಲ.

ಯಾವ ಸಲಕರಣೆಗೆ ಯಾವ ಶಾಖ?

ಎಲ್ಲದಕ್ಕೂ ಒಂದೇ ಯಂತ್ರ ಸಾಲದು. ನನ್ನ ಲೆಕ್ಕ ಹೀಗಿದೆ.

ದಿನ ಶುರುವಾಗುವಾಗ ಇಡೀ ಸೆಟ್, ಅಂದರೆ ಚಿಮಟ, ಸ್ಕಾಲ್ಪೆಲ್ ಹಿಡಿ, ಕತ್ತರಿ, ಸ್ಪ್ಯಾಚುಲಾ, ಹಾಟ್ ಏರ್ ಓವನ್‌ನಲ್ಲಿ. ಕೆಲಸದ ಮಧ್ಯೆ ಒಂದು ಬಾಟಲಿಯಿಂದ ಇನ್ನೊಂದಕ್ಕೆ ಹೋಗುವಾಗ ಚಿಮಟ, ಬ್ಲೇಡುಗಳ ತುದಿ ಬಿಸಿ ಮಣಿಯಲ್ಲಿ. ಲೂಪ್ ಮತ್ತು ನೀಡಲ್ ಇನ್‌ಫ್ರಾರೆಡ್ ಸ್ಟೆರಿಲೈಸರ್‌ನಲ್ಲಿ, ಅಂದರೆ ಒಳಗೆ ಕೆಂಡದಷ್ಟು ಕಾಯುವ ಸೆರಾಮಿಕ್ ಕೊಳವೆಯಲ್ಲಿ.

ಗೊಂದಲ ಆಗುವುದು ಇಲ್ಲೇ. ಮಣಿ ಸ್ಟೆರಿಲೈಸರ್ ಓವನ್‌ಗೆ ಬದಲಿ ಅಲ್ಲ. ಅದು ಮಧ್ಯದ ಹೊತ್ತಿಗೆ ಇರುವುದು. ಮುಳುಗಿದ ತುದಿಯನ್ನು ಮಾತ್ರ ಶುದ್ಧ ಮಾಡುತ್ತದೆ. ಹಿಡಿ, ಕೀಲು, ಸ್ಕ್ರೂ ಇರುವ ಜಾಗಕ್ಕೆಲ್ಲ ಮಣಿ ತಲುಪುವುದಿಲ್ಲ. ಅವು ಬೆಳಗ್ಗೆಯೇ ಓವನ್‌ನಿಂದ ಶುದ್ಧವಾಗಿ ಬಂದಿರಬೇಕು.

ಓವನ್ ಬಗ್ಗೆ ಮೊದಲು ಹೇಳಿ ಮುಗಿಸುತ್ತೇನೆ. ಸಲಕರಣೆಗಳನ್ನು ತೊಳೆದು, ಪೂರ್ತಿ ಒಣಗಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಅಥವಾ ಮುಚ್ಚಳ ಇರುವ ಸ್ಟೀಲ್ ಡಬ್ಬಿಗೆ ಹಾಕಿ ಇಡಿ. 160 ಡಿಗ್ರಿ ಸೆಲ್ಸಿಯಸ್‌ಗೆ 2 ಗಂಟೆ, 170 ಡಿಗ್ರಿಗೆ 1 ಗಂಟೆ, 180 ಡಿಗ್ರಿಗೆ 30 ನಿಮಿಷ. ಈ ಹೊತ್ತನ್ನು ಸ್ವಿಚ್ ಹಾಕಿದ ಕ್ಷಣದಿಂದ ಎಣಿಸಬೇಡಿ. ಒಳಗಿನ ಡಬ್ಬಿಯೂ ಆ ಶಾಖಕ್ಕೆ ಬಂದ ಮೇಲೆ ಎಣಿಸಬೇಕು. ಡಬ್ಬಿಗಳನ್ನು ಇಡ್ಲಿ ತಟ್ಟೆಯ ಹಾಗೆ ಒತ್ತೊತ್ತಾಗಿ ಪೇರಿಸಿದರೆ ಮಧ್ಯದ್ದು ಬಿಸಿಯಾಗುವ ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತದೆ. ಗಾಳಿ ಆಡಲು ಜಾಗ ಬಿಡಿ.

ಆಟೊಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಸ್ಟೆರಿಲೈಸ್ ಮಾಡುವ ಯಂತ್ರ, ಇದೆಯಲ್ಲ, ಅದರಲ್ಲೇ ಹಾಕಿದರೆ ಆಗಲ್ವಾ ಅಂತ ಕೇಳುವವರಿಗೆ: ಆಗುತ್ತದೆ. ಆದರೆ ಕಾರ್ಬನ್ ಸ್ಟೀಲ್ ಬ್ಲೇಡು ಹಬೆಗೆ ತುಕ್ಕು ಹಿಡಿಯುತ್ತದೆ, ಅಂಚು ಮೊಂಡಾಗುತ್ತದೆ. ಇನ್ನೊಂದು ವಿಷಯ ನಮ್ಮ ಊರಿನವರಿಗೆ ಮಾತ್ರ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಹಾಗಾಗಿ ಗೇಜು 15 ಪೌಂಡ್ ತೋರಿಸಿದರೂ ಒಳಗಿನ ಶಾಖ 121 ಡಿಗ್ರಿಗಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ ಇರುತ್ತದೆ. ಸೇಫ್ಟಿ ವಾಲ್ವ್ ಮಾತ್ರ ಮುಟ್ಟಬೇಡಿ. 15 ನಿಮಿಷದ ಬದಲು 20ರಿಂದ 25 ನಿಮಿಷ ಬಿಡಿ, ಸರಿಹೋಗುತ್ತದೆ. ಇದೇ ಕಾರಣಕ್ಕೆ ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿಸಿದ ಚಿಮಟ ಸ್ಟೆರೈಲ್ ಅಲ್ಲ. ಸ್ಪೋರ್‌ಗೆ 100 ಡಿಗ್ರಿ ನೀರೂ ಲೆಕ್ಕಕ್ಕಿಲ್ಲ.

ಮಣಿ ಸ್ಟೆರಿಲೈಸರ್: ಹಂತ ಹಂತವಾಗಿ

ಬೇಕಾಗುವುದು ಇಷ್ಟು: ಯಂತ್ರ, ಅದರ ಜೊತೆ ಬಂದ ಗಾಜಿನ ಮಣಿ, ಎರಡು ಅಥವಾ ಮೂರು ಜೊತೆ ಸಲಕರಣೆ, ಓವನ್‌ನಲ್ಲಿ ಶುದ್ಧ ಮಾಡಿದ ಒಂದು ಸ್ಟೀಲ್ ಸ್ಟ್ಯಾಂಡ್, ಟಿಶ್ಯೂ ಪೇಪರ್, ಸೆಕೆಂಡ್ ಮುಳ್ಳಿರುವ ಗಡಿಯಾರ. ಇದರ ಜೊತೆಗೆ ಒಂದು ಥರ್ಮೋಕಪಲ್, ಅಂದರೆ ತಂತಿಯ ತುದಿಯಿಂದ ಶಾಖ ಅಳೆಯುವ ಡಿಜಿಟಲ್ ಮೀಟರ್. ಇದನ್ನು ಕೊಳ್ಳಲು ಹಿಂದೆಮುಂದೆ ನೋಡಬೇಡಿ. ಇದಿಲ್ಲದಿದ್ದರೆ ಮುಂದಿನದೆಲ್ಲ ಅಂದಾಜೇ. ಪಾದರಸದ ಥರ್ಮಾಮೀಟರನ್ನು ಬಿಸಿ ಮಣಿಗೆ ಚುಚ್ಚಲೇಬೇಡಿ. ಒಳಗೆ ಒಡೆದರೆ ಆ ಶಾಖಕ್ಕೆ ಪಾದರಸ ಆವಿಯಾಗಿ ನೇರ ನಿಮ್ಮ ಮೂಗಿಗೆ ಬರುತ್ತದೆ.

1. ಜಾಗ ಗೊತ್ತು ಮಾಡಿ

ಯಂತ್ರ ಲ್ಯಾಮಿನಾರ್ ಒಳಗೆ, ನೀವು ಚಿಮಟ ಹಿಡಿಯುವ ಕೈಯ ಕಡೆ ಇರಲಿ. ಹಿಂದಿನಿಂದ ಗಾಳಿ ಬರುವ ಪೆಟ್ಟಿಗೆಯಾದರೆ ಪ್ಲೇಟುಗಳ ಹಿಂದೆ ಇಡಬೇಡಿ. ಬಿಸಿ ಗಾಳಿ ಸೀದಾ ಪ್ಲೇಟಿನ ಮೇಲೆ ಬೀಸುತ್ತದೆ, ಅಗಾರ್ ಒಣಗುತ್ತದೆ. ಬಯೋಸೇಫ್ಟಿ ಕ್ಯಾಬಿನೆಟ್ ಆದರೆ ಮುಂದಿನ ಜಾಲರಿ ಮುಚ್ಚಬಾರದು. ಸ್ಪಿರಿಟ್ ಬಾಟಲಿ ಇನ್ನೊಂದು ಬದಿಗೆ ಇರಲಿ. ವೈರು ಬಿಸಿ ಮೈಗೆ ತಗುಲದ ಹಾಗೆ ನೋಡಿಕೊಳ್ಳಿ. ಪ್ಲಗ್ಗು ಮೂರು ಪಿನ್ನಿನದೇ ಆಗಿರಲಿ, ಅರ್ಥಿಂಗ್ ಸರಿ ಇದೆಯಾ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಸ್ಟೀಲ್ ಮೈ, ಕೈಯಲ್ಲಿ ಸ್ಟೀಲ್ ಚಿಮಟ. ಶಾಕ್ ಹೊಡೆಯಲು ಇನ್ನೇನು ಬೇಕು?

2. ಮಣಿ ತುಂಬಿಸಿ

ಬಾವಿಯಂಥ ಗುಳಿಗೆ ಅಂಚಿನಿಂದ ಸ್ವಲ್ಪ ಕೆಳಗಿನವರೆಗೆ ಮಣಿ ತುಂಬಿ. ತುಳುಕುವಷ್ಟು ತುಂಬಿದರೆ ಚಿಮಟ ಇಳಿಸಿದಾಗ ಬಿಸಿ ಮಣಿ ಹೊರಗೆ ಉರುಳುತ್ತದೆ. ಗ್ಲೌಸ್ ಮೇಲೆ ಬಿದ್ದರೆ ತೂತು, ನೆಲಕ್ಕೆ ಬಿದ್ದರೆ ಕಾಲು ಜಾರುತ್ತದೆ. ಕಡಿಮೆ ತುಂಬಿದರೆ ತುದಿ ಮುಳುಗುವುದಿಲ್ಲ. ಖಾಲಿ ಗುಳಿಯನ್ನು ಕಾಯಿಸಬೇಡಿ.

ಮಣಿ ಖರ್ಚಾದರೆ ದೇವರಾಜ ಮಾರುಕಟ್ಟೆ ಹತ್ತಿರ ಸಿಗುವ ಅಲಂಕಾರದ ಮಣಿ ಹಾಕಬಹುದಾ ಅಂತ ಒಬ್ಬರು ನಿಜವಾಗಿಯೂ ಕೇಳಿದ್ದರು. ಬೇಡ. ಅವಕ್ಕೆ ಬಣ್ಣ ಇರುತ್ತದೆ, ತೂತು ಇರುತ್ತದೆ, ಕೆಲವು ಗಾಜೇ ಅಲ್ಲ. ಬೇಕಾಗಿರುವುದು ಒಂದರಿಂದ ಒಂದೂವರೆ ಮಿಲಿಮೀಟರ್ ಅಳತೆಯ, ತೂತಿಲ್ಲದ, ಸಾದಾ ಗಾಜಿನ ಗುಂಡು. ಮಣಿ ಸಣ್ಣದಿದ್ದಷ್ಟೂ ಲೋಹಕ್ಕೆ ತಗುಲುವ ಜಾಗ ಜಾಸ್ತಿ. ಮರಳು ಬೇಡ, ಚಿಮಟದ ಹಲ್ಲಿನಲ್ಲಿ ಕೂರುತ್ತದೆ. ಅಡುಗೆ ಉಪ್ಪಂತೂ ಬೇಡವೇ ಬೇಡ, ಸ್ಟೀಲನ್ನು ತಿನ್ನುತ್ತದೆ.

3. ಕಾಯಲು ಬಿಡಿ, ನಂಬಬೇಡಿ, ಅಳೆಯಿರಿ

ಹೆಚ್ಚಿನ ಯಂತ್ರಗಳು 250 ಡಿಗ್ರಿ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಆ ಶಾಖಕ್ಕೆ ಬರಲು 20ರಿಂದ 30 ನಿಮಿಷ ಬೇಕು. ಯಂತ್ರದ ಸೂಚಕ ದೀಪ ಆರಿತು, ರೆಡಿ ಅಂತ ಬಂತು ಅಂದಮಾತ್ರಕ್ಕೆ ಶುರು ಮಾಡಬೇಡಿ. ದೀಪಕ್ಕೆ ಗೊತ್ತಿರುವುದು ಗುಳಿಯ ಗೋಡೆಯ ಶಾಖ. ಗಾಜು ಶಾಖವನ್ನು ನಿಧಾನಕ್ಕೆ ಸಾಗಿಸುತ್ತದೆ. ಮಣಿಗಳ ನಡುವೆ ಗಾಳಿ ಬೇರೆ ಇದೆ. ಗೋಡೆ ಬಿಸಿಯಾದರೂ ಮಧ್ಯದ ಮಣಿ ಇನ್ನೂ ಹಿಂದೆಯೇ ಇರುತ್ತದೆ.

ಯಂತ್ರ ತಂದ ಮೊದಲ ವಾರ ಒಂದು ಕೆಲಸ ಮಾಡಿ. ಥರ್ಮೋಕಪಲ್ ತುದಿಯನ್ನು ಗುಳಿಯ ನಟ್ಟನಡುವೆ, ಅರ್ಧ ಆಳಕ್ಕೆ ಇಳಿಸಿ. ಪ್ರತಿ ಐದು ನಿಮಿಷಕ್ಕೆ ಬರೆದುಕೊಳ್ಳಿ. ಶಾಖ ಏರುವುದು ನಿಂತು ಒಂದೇ ಕಡೆ ನಿಲ್ಲುವ ಹೊತ್ತು ಎಷ್ಟೋ, ಅದೇ ನಿಮ್ಮ ಯಂತ್ರದ ನಿಜವಾದ ಕಾಯುವ ಸಮಯ. ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೇ ಅಂಟಿಸಿ. ಆಮೇಲೆ ತುದಿಯನ್ನು ಮೇಲಕ್ಕೆ ಎಳೆದು, ಮೇಲ್ಪದರದಲ್ಲೂ ಅಳೆಯಿರಿ. ಮೇಲಿನ ಒಂದು ಸೆಂಟಿಮೀಟರ್ ಎಷ್ಟು ತಣ್ಣಗಿದೆ ನೋಡಿ, ನಿಮಗೇ ಆಶ್ಚರ್ಯ ಆಗುತ್ತದೆ. ಮೇಲಿಂದ ಗುರಿ ಹಿಡಿದು ಅಳೆಯುವ ಥರ್ಮಾಮೀಟರ್ ಗನ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಅದು ಮೇಲ್ಪದರವನ್ನಷ್ಟೇ ನೋಡುತ್ತದೆ.

ಹಳ್ಳಿ ಕಡೆ ಲ್ಯಾಬ್ ಇಟ್ಟವರಿಗೆ ಒಂದು ಮಾತು. ಬೇಸಿಗೆಯಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಬೀಳುತ್ತದಲ್ಲ, 230 ಇರಬೇಕಾದ್ದು 180ಕ್ಕೆ ಇಳಿದರೆ ಹೀಟರ್‌ಗೆ ಸಿಗುವ ಶಕ್ತಿ ಸುಮಾರು 60 ಪರ್ಸೆಂಟ್ ಮಾತ್ರ. ಅರ್ಧ ಗಂಟೆಯಲ್ಲಿ ಕಾಯುತ್ತಿದ್ದ ಯಂತ್ರ ಮುಕ್ಕಾಲು ಗಂಟೆ ಆದರೂ ಕಾದಿರುವುದಿಲ್ಲ. ಮಧ್ಯೆ ಕರೆಂಟ್ ಹೋಗಿ ಬಂದರೆ ಕೆಲಸ ನಿಲ್ಲಿಸಿ. ಶಾಖ ಮತ್ತೆ ಮೊದಲಿನ ಮಟ್ಟಕ್ಕೆ ಬಂದು ನಿಲ್ಲುವವರೆಗೆ ಕಾಯಿರಿ. "ಐದೇ ನಿಮಿಷ ಹೋಗಿತ್ತು ಸಾರ್" ಅನ್ನುವ ಬ್ಯಾಚ್‌ಗಳೇ ನಾಲ್ಕನೇ ದಿನ ಬೂಷ್ಟು ಹಿಡಿದು ಕೂರುವುದು.

4. ತೊಳೆಯಿರಿ

ಯಾರೂ ಇಷ್ಟಪಡದ ಹಂತ ಇದೇ. ಎಲ್ಲ ನಿಂತಿರುವುದೂ ಇದರ ಮೇಲೇ.

ಟಿಶ್ಯೂ ಕಲ್ಚರ್ ಮೀಡಿಯಂನಲ್ಲಿ ಸಾಮಾನ್ಯವಾಗಿ ಲೀಟರ್‌ಗೆ 30 ಗ್ರಾಂ ಸಕ್ಕರೆ ಇರುತ್ತದೆ. ಅಂಥ ಅಗಾರ್ ಅಂಟಿದ ಚಿಮಟವನ್ನು 250 ಡಿಗ್ರಿ ಮಣಿಗೆ ಇಳಿಸಿದರೆ ಏನಾಗುತ್ತದೆ? ಪಾಕ ತಳ ಹಿಡಿದ ಹಾಗೆ ಆಗುತ್ತದೆ. ಮೊದಲು ಕಂದು, ಆಮೇಲೆ ಕಪ್ಪು ಹೊಟ್ಟು. ಹಳೇ ಚಿಮಟವನ್ನು ಬೆಳಕಿಗೆ ಹಿಡಿದು ಒಳಬದಿಯ ಹಲ್ಲುಗಳನ್ನು ನೋಡಿ. ಗೆರೆಗೆರೆಯ ಮಧ್ಯೆ ಕರಿ ತುಂಬಿಕೊಂಡಿರುತ್ತದೆ. ಉಗುರಿನಿಂದ ಕೆರೆದರೆ ಚಕ್ಕೆ ಏಳುತ್ತದೆ. ಆ ಚಕ್ಕೆಯ ಅಡಿಗೆ ಶಾಖ ತಡವಾಗಿ ಹೋಗುತ್ತದೆ. ಅಲ್ಲಿ ಕುಳಿತ ಸ್ಪೋರ್ 15 ಸೆಕೆಂಡ್ ಆರಾಮಾಗಿ ಕಳೆದು ಹೊರಗೆ ಬರುತ್ತದೆ. ಮಣಿಗಳೂ ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತವೆ.

ಹಾಗಾಗಿ ಪ್ರತಿ ಸಲ ಮಣಿಗೆ ಇಳಿಸುವ ಮುಂಚೆ ತುದಿಯನ್ನು ಸ್ಟೆರೈಲ್ ಟಿಶ್ಯೂನಿಂದ ಒರೆಸಿ. ದಿನದ ಕೊನೆಗೆ ಸೋಪು ನೀರು, ಹಳೇ ಟೂತ್‌ಬ್ರಶ್ ಹಾಕಿ ಹಲ್ಲುಗಳ ಮಧ್ಯೆ ಉಜ್ಜಿ. ರೋಗಾಣುಗಳ ಜೊತೆ ಕೆಲಸ ಮಾಡುವವರು ಮಾತ್ರ ಹೀಗೆ ಕೈಯಿಂದ ಒರೆಸಲು ಹೋಗಬೇಡಿ. ಆ ಸಲಕರಣೆ ಮೊದಲು ಸೋಂಕುನಾಶಕದ ದ್ರಾವಣಕ್ಕೆ, ಆಮೇಲೆ ಆಟೊಕ್ಲೇವ್‌ಗೆ ಹೋಗಬೇಕು. ನಿಮ್ಮ ಲ್ಯಾಬಿನ ಸುರಕ್ಷತಾ ನಿಯಮ ಏನು ಹೇಳುತ್ತದೋ ಅದೇ ಕೊನೆ.

ಬ್ಲೇಡು ಕೊಳಕಾದರೆ ಕರುಣೆ ಬೇಡ, ಬದಲಾಯಿಸಿ. 3ನೇ ನಂಬರ್ ಹಿಡಿಗೆ 10, 11, 15ನೇ ನಂಬರ್ ಬ್ಲೇಡುಗಳು ಕೂರುತ್ತವೆ. 20ರ ಮೇಲಿನವು ಬೇಕಾದರೆ 4ನೇ ನಂಬರ್ ಹಿಡಿ. ಬ್ಲೇಡನ್ನು ಬೆರಳಿನಿಂದ ಎಳೆಯಬೇಡಿ, ಇಕ್ಕಳದಿಂದ ತೆಗೆಯಿರಿ.

5. ಒಣಗಿಸಿ

ಒದ್ದೆ ಚಿಮಟ ಬಿಸಿ ಮಣಿಗೆ ಹೋದರೆ ನೀರು ಒಮ್ಮೆಲೇ ಹಬೆಯಾಗಿ ಮಣಿಯನ್ನು ಎತ್ತಿ ಎಸೆಯುತ್ತದೆ, ಒಗ್ಗರಣೆಗೆ ನೀರು ಬಿದ್ದ ಹಾಗೆ. ಶಾಖವೂ ಆ ಜಾಗದಲ್ಲಿ ಇಳಿಯುತ್ತದೆ.

ನೀರಿಗಿಂತ ಕೆಟ್ಟದ್ದು ಸ್ಪಿರಿಟ್. ಹಳೇ ಅಭ್ಯಾಸದಿಂದ ಎಷ್ಟೋ ಜನ ಚಿಮಟವನ್ನು 70 ಪರ್ಸೆಂಟ್ ಸ್ಪಿರಿಟ್‌ನಲ್ಲಿ ಅದ್ದಿ, ಹಾಗೇ ತೊಟ್ಟಿಕ್ಕುತ್ತಾ ಮಣಿಗೆ ಇಳಿಸುತ್ತಾರೆ. ದಯವಿಟ್ಟು ಬೇಡ. ಆಲ್ಕೋಹಾಲ್ ಕಿಡಿ ಇಲ್ಲದೆಯೇ ತಾನಾಗಿ ಹೊತ್ತಿಕೊಳ್ಳಲು ಸುಮಾರು 365 ಡಿಗ್ರಿ ಬೇಕು, ಮಣಿ ಇರುವುದು 250ರಲ್ಲಿ, ಏನೂ ಆಗಲ್ಲ ಅಂತ ವಾದ ಮಾಡುವವರಿದ್ದಾರೆ. ಲೆಕ್ಕ ಸರಿ. ಆದರೆ ಥರ್ಮೋಸ್ಟಾಟ್ ಒಳಗೆ ಟಿಕ್ ಅಂದಾಗ ಕಿಡಿ ಹಾರಬಹುದು. ಆವಿಗೆ ಅಷ್ಟು ಸಾಕು. ಇನ್‌ಫ್ರಾರೆಡ್ ಯಂತ್ರದಲ್ಲಂತೂ 800 ಡಿಗ್ರಿ ಮೇಲಿರುತ್ತದೆ, ವಾದಕ್ಕೇ ಜಾಗ ಇಲ್ಲ. ಜೊತೆಗೆ ಸ್ಪಿರಿಟ್ ಸ್ಪೋರ್ ಕೊಲ್ಲುವುದಿಲ್ಲ. ದಿನಗಟ್ಟಲೆ ಬದಲಾಯಿಸದ ಸ್ಪಿರಿಟ್ ಬಾಟಲಿಯಲ್ಲಿ ಸ್ಪೋರ್‌ಗಳು ಸುಮ್ನೆ ತೇಲಿಕೊಂಡು ಇರುತ್ತವೆ. ನೀವು ಅದ್ದಿ ತೆಗೆದಾಗಲೆಲ್ಲ ಜೊತೆಗೆ ಬರುತ್ತವೆ. ಮಣಿ ಬಳಸುವವರಿಗೆ ಆ ಬಾಟಲಿಯೇ ಬೇಡ.

6. ಇಳಿಸಿ, ಎಣಿಸಿ

ಚಿಮಟದ ಎರಡು ಕಾಲೂ ಸ್ವಲ್ಪ ಅಗಲ ಇರಲಿ. ಒತ್ತಿ ಹಿಡಿದು ಇಳಿಸಿದರೆ ಒಳಬದಿಗೆ ಮಣಿ ತಗುಲುವುದೇ ಇಲ್ಲ. ನೀವು ಹಿಡಿದು ಎತ್ತುವುದು ಆ ಒಳಬದಿಯಿಂದಲೇ ಅಲ್ವಾ? ನೇರವಾಗಿ, ಗುಳಿಯ ಮಧ್ಯಕ್ಕೆ ಇಳಿಸಿ. ಗೋಡೆಗೆ ಒರಗಿಸಬೇಡಿ.

ತೆಳುವಾದ ಚಿಮಟ, ಬ್ಲೇಡುಗಳಿಗೆ 15ರಿಂದ 20 ಸೆಕೆಂಡ್. ದಪ್ಪ ಚಿಮಟ, ಕತ್ತರಿ ತುದಿಗೆ 30 ಸೆಕೆಂಡ್. ಯಂತ್ರದ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದನ್ನೇ ಅನುಸರಿಸಿ. ಗಡಿಯಾರ ನೋಡಿ. ಮನಸ್ಸಿನಲ್ಲಿ ಎಣಿಸಿದರೆ ಬೆಳಗ್ಗೆ 15 ಅನ್ನುವುದು ನಿಜಕ್ಕೂ 15 ಇರುತ್ತದೆ, ಊಟದ ಹೊತ್ತಿಗೆ ಅದೇ 15 ಏಳಕ್ಕೆ ಮುಗಿದಿರುತ್ತದೆ. ಒಂದು ಸಲಕ್ಕೆ ಒಂದೇ ಸಲಕರಣೆ. ನಾಲ್ಕು ತಣ್ಣನೆಯ ಚಿಮಟ ಒಟ್ಟಿಗೆ ತುರುಕಿದರೆ ಮಣಿಯೇ ತಣ್ಣಗಾಗುತ್ತದೆ.

ಆಳದ ವಿಷಯ ಗಮನ ಇಟ್ಟು ಓದಿ. ಮೇಲ್ಪದರ ತಣ್ಣಗಿರುತ್ತದೆ ಅಂತ ಹೇಳಿದೆನಲ್ಲ. ಹಾಗಾಗಿ ಮೇಲಿನ ಒಂದು ಸೆಂಟಿಮೀಟರನ್ನು ಲೆಕ್ಕಕ್ಕೇ ಹಿಡಿಯಬೇಡಿ. ಚಿಮಟದ ತುದಿಯಿಂದ 4 ಸೆಂಟಿಮೀಟರ್ ಶುದ್ಧ ಬೇಕಾದರೆ 5 ಸೆಂಟಿಮೀಟರ್ ಮುಳುಗಿಸಿ. ಅದಕ್ಕಿಂತ ಮೇಲಿನ ಭಾಗ ಬಾಟಲಿಯ ಬಾಯಿಗೂ ತಗುಲಬಾರದು, ಪ್ಲೇಟಿನ ಅಂಚಿಗೂ ತಗುಲಬಾರದು.

ಇದು ತಪ್ಪಿದೆಯಾ ಅಂತ ಪ್ಲೇಟೇ ಹೇಳುತ್ತದೆ. ಒಮ್ಮೆ ಒಬ್ಬ ಹುಡುಗಿ ತಂದು ತೋರಿಸಿದ ಪ್ಲೇಟು ನೆನಪಿದೆ. ಅವಳು ಗಿಡದ ತುಂಡು ಇಟ್ಟ ಜಾಗ ಸ್ವಚ್ಛ. ಅಲ್ಲಿಂದ ಎರಡು ಬೆರಳು ದೂರದಲ್ಲಿ, ಅಂಚಿನ ಹತ್ತಿರ, ದಾರದಲ್ಲಿ ಪೋಣಿಸಿದಂತೆ ಸಾಲಾಗಿ ಕೆನೆಬಣ್ಣದ ಕಾಲೊನಿಗಳು. ತುಂಡು ಇಡುವಾಗ ಚಿಮಟದ ಮೇಲಿನ ಭಾಗವನ್ನು ಅಲ್ಲಿ ಒರಗಿಸಿದ್ದಳು. ಗಾಳಿಯಿಂದ ಬಿದ್ದ ಕಂಟಾಮಿನೇಷನ್ ಅಲ್ಲಲ್ಲಿ ಚುಕ್ಕಿಯಾಗಿ ಬರುತ್ತದೆ. ಹೀಗೆ ಗೆರೆ ಎಳೆದ ಹಾಗೆ ಬಂದರೆ ಸಲಕರಣೆಯನ್ನೇ ಅನುಮಾನಿಸಿ.

ಜಾಸ್ತಿ ಹೊತ್ತು ಬಿಟ್ಟರೆ ಇನ್ನೂ ಒಳ್ಳೆಯದಲ್ವಾ ಅಂದರೆ, ಅಲ್ಲ. ಚಿಮಟವನ್ನು ಮಣಿಯೊಳಗೇ ನಿಲ್ಲಿಸಿ ಫೋನ್ ಮಾತಾಡಲು ಹೋಗುವವರಿದ್ದಾರೆ. ಹಿಡಿಯವರೆಗೂ ಬಿಸಿ ಏರಿ ಕೈ ಸುಡುತ್ತದೆ. ಕಾರ್ಬನ್ ಸ್ಟೀಲ್ ಬ್ಲೇಡು ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗಿದ್ದರೆ, ಅದರ ಹದ ಹೋಗಲು ಶುರುವಾಗಿದೆ ಅಂತ ಅರ್ಥ.

7. ತೆಗೆಯಿರಿ, ತಟ್ಟಿ, ನೋಡಿ

ತೆಗೆದ ಮೇಲೆ ಗುಳಿಯ ಅಂಚಿಗೆ ಮೆಲ್ಲಗೆ ತಟ್ಟಿ. ಚಿಮಟದ ಹಲ್ಲಿನಲ್ಲಿ, ಬ್ಲೇಡು ಹಿಡಿಗೆ ಕೂರುವ ಸೀಳಿನಲ್ಲಿ ಮಣಿ ಸಿಕ್ಕಿಕೊಂಡಿರಬಹುದು. ಒಂದು ಮಣಿ ಪ್ಲೇಟಿಗೆ ಬಿದ್ದರೆ ಅಗಾರ್ ಕರಗಿ ಗುಳಿ ಬೀಳುತ್ತದೆ.

8. ಆರಿಸಿ

ಓವನ್‌ನಿಂದ ಬಂದ ಸ್ಟೀಲ್ ಸ್ಟ್ಯಾಂಡ್ ಮೇಲೆ, ತುದಿ ಯಾವುದಕ್ಕೂ ತಗುಲದ ಹಾಗೆ ಲ್ಯಾಮಿನಾರ್ ಗಾಳಿಯಲ್ಲೇ ಇಡಿ. ತೆಳು ಸಲಕರಣೆಗೆ ಒಂದು ನಿಮಿಷ, ದಪ್ಪದ್ದಕ್ಕೆ ಎರಡು. ಗಾಳಿಯಲ್ಲಿ ಬೀಸಬೇಡಿ, ಬಾಯಿಂದ ಊದುವ ಮಾತೇ ಇಲ್ಲ. ಅನುಮಾನ ಇದ್ದರೆ ಅಗಾರ್‌ನ ಖಾಲಿ ಮೂಲೆಗೆ ತುದಿ ಮುಟ್ಟಿಸಿ. ಚುಸ್ ಅಂದರೆ ಇನ್ನೂ ಬಿಸಿ ಇದೆ.

ಅವಸರದಲ್ಲಿ ಬಿಸಿ ಬ್ಲೇಡಿನಿಂದ ಬಾಳೆ ಕಂದಿನ ತುದಿ ಕೊಯ್ದರೆ ಕೊಯ್ದ ಅಂಚು ಸುಟ್ಟು ಕಂದಾಗುತ್ತದೆ, ಅಲ್ಲಿಂದ ಚಿಗುರು ಬರುವುದಿಲ್ಲ. ಜನ ಇದನ್ನು ಮೀಡಿಯಂ ದೋಷ ಅಂದುಕೊಂಡು ಹಾರ್ಮೋನ್ ಲೆಕ್ಕ ಬದಲಾಯಿಸುತ್ತಾ ಕೂರುತ್ತಾರೆ. ಸುಲಭದ ದಾರಿ ಅಂದರೆ ಮೂರು ಜೊತೆ ಸಲಕರಣೆ. ಒಂದು ಕೈಯಲ್ಲಿ, ಒಂದು ಮಣಿಯಲ್ಲಿ, ಒಂದು ಸ್ಟ್ಯಾಂಡ್ ಮೇಲೆ ಆರುತ್ತಾ. ಆಗ ಕಾಯುವ ಹೊತ್ತೇ ಗೊತ್ತಾಗುವುದಿಲ್ಲ.

ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸಲಕರಣೆ ಬದಲಾಗಲೇಬೇಕು. ಇದನ್ನು ಮಂಡ್ಯದ ಕಬ್ಬು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಕೂಳೆ ಬೆಳೆಯನ್ನು ಗಿಡ್ಡ ಮಾಡುವ ಬ್ಯಾಕ್ಟೀರಿಯಾ ರೋಗ ಹೊಲದಿಂದ ಹೊಲಕ್ಕೆ ಹೋಗುವುದೇ ಕಬ್ಬು ಕಡಿಯುವ ಮಚ್ಚಿನ ಅಲಗಿನಿಂದ. ಲ್ಯಾಬಿನ ಬ್ಲೇಡೂ ಅಷ್ಟೇ. ನಂಜನಗೂಡು ರಸಬಾಳೆಯನ್ನು ಮುಗಿಸುವ ಮಟ್ಟಕ್ಕೆ ತಂದ ಪನಾಮಾ ಸೊರಗು ರೋಗದ ಶಿಲೀಂಧ್ರ ಒಂದು ಕಂದಿನಲ್ಲಿದ್ದರೆ, ಸರಿಯಾಗಿ ಕಾಯಿಸದ ಬ್ಲೇಡು ಅದನ್ನು ಇಡೀ ಬ್ಯಾಚಿಗೆ ಹಂಚುತ್ತದೆ. ಇಷ್ಟಾದರೂ ಎಲ್ಲ ಕಂಟಾಮಿನೇಷನ್‌ಗೂ ಬ್ಲೇಡೇ ಕಾರಣ ಅನ್ನಬೇಡಿ. ಬಾಳೆ ಕಂದಿನ ಒಳಗೇ ಬ್ಯಾಕ್ಟೀರಿಯಾ ಇರುತ್ತವೆ. ಅಂಥದ್ದು ತುಂಡಿನ ಬುಡದಿಂದ ಹಾಲಿನಂತೆ ಹರಡುತ್ತದೆ. ಅದಕ್ಕೆ ಯಾವ ಸ್ಟೆರಿಲೈಸರ್ ತಂದರೂ ಪ್ರಯೋಜನ ಇಲ್ಲ.

ಲೂಪ್, ನೀಡಲ್‌ಗೆ ಇನ್‌ಫ್ರಾರೆಡ್

ಇದು ಸುಲಭ. 10ರಿಂದ 20 ನಿಮಿಷ ಕಾಯಲು ಬಿಡಿ. ಕೊಳವೆಯ ಒಳಗೆ 800 ಡಿಗ್ರಿ ದಾಟುತ್ತದೆ. ಲೂಪ್ ತುಂಬ ಕಲ್ಚರ್ ಇದ್ದರೆ ಮೊದಲು ಕೊಳವೆಯ ಬಾಯಲ್ಲಿ ಎರಡು ಮೂರು ಸೆಕೆಂಡ್ ಹಿಡಿದು ಒಣಗಿಸಿ, ಆಮೇಲೆ ಒಳಗೆ ತಳ್ಳಿ 5ರಿಂದ 10 ಸೆಕೆಂಡ್ ಬಿಡಿ. ತಂತಿ ಕೆಂಪಾಗಿ ಹೊಳೆಯಬೇಕು. ಸಿಡಿದದ್ದೆಲ್ಲ ಕೊಳವೆಯ ಗೋಡೆಗೇ ಬಿದ್ದು ಸುಟ್ಟುಹೋಗುತ್ತದೆ, ಗಾಳಿಗೆ ಬರುವುದಿಲ್ಲ. ಬೆಂಕಿಗಿಂತ ಇದರ ದೊಡ್ಡ ಲಾಭ ಇದೇ. ತೆಗೆದು 15ರಿಂದ 20 ಸೆಕೆಂಡ್ ಆರಿಸಿ.

ನಿಕ್ರೋಮ್ ಅಥವಾ ಪ್ಲಾಟಿನಂ ತಂತಿಯ ಲೂಪ್‌ಗಷ್ಟೇ ಇದು. ಪ್ಲಾಸ್ಟಿಕ್ ಲೂಪ್ ಒಳಗಿಟ್ಟು ಕೊಳವೆ ಹಾಳು ಮಾಡಿಕೊಂಡವರಿದ್ದಾರೆ. ಲೂಪ್‌ನಿಂದ ಕೊಳವೆಯ ಗೋಡೆಯನ್ನು ಕುಟ್ಟಬೇಡಿ. ಸೆರಾಮಿಕ್ ಬಿರುಕು ಬಿಟ್ಟರೆ ಆ ಭಾಗವನ್ನೇ ಬದಲಾಯಿಸಬೇಕು, ಅದು ಅಗ್ಗ ಅಲ್ಲ. ಚಿಮಟ, ಬ್ಲೇಡುಗಳನ್ನು ಇದರೊಳಗೆ ತಳ್ಳಬೇಡಿ. ಈ ಶಾಖಕ್ಕೆ ಬ್ಲೇಡಿನ ಹದ ಒಂದೇ ಸಲಕ್ಕೆ ಮುಗಿಯುತ್ತದೆ.

ಕೆಲಸ ಆಗ್ತಿದೆಯಾ ಅಂತ ನೀವೇ ನೋಡಿ

ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ. ಐದು ಟ್ಯೂಬ್ ನ್ಯೂಟ್ರಿಯೆಂಟ್ ಬ್ರಾತ್, ಅಂದರೆ ಬ್ಯಾಕ್ಟೀರಿಯಾ ಬೆಳೆಯುವ ತಿಳಿ ಸಾರು, ಸಿದ್ಧ ಮಾಡಿಕೊಳ್ಳಿ. ಬ್ಯಾಸಿಲಸ್ ಸಬ್ಟಿಲಿಸ್‌ನ ಒಂದು ವಾರ ಹಳೆಯ ಕಲ್ಚರ್‌ನಲ್ಲಿ ಚಿಮಟದ ತುದಿ ಅದ್ದಿ, ಲ್ಯಾಮಿನಾರ್‌ನಲ್ಲಿ ಒಣಗಲು ಬಿಡಿ. ಹಳೇ ಕಲ್ಚರ್ ಯಾಕೆ ಅಂದರೆ ಅದರಲ್ಲಿ ಸ್ಪೋರ್ ಜಾಸ್ತಿ. ಒಂದು ಚಿಮಟ ಕಾಯಿಸದೆ ನೇರ ಬ್ರಾತ್‌ಗೆ. ಉಳಿದವು 5, 10, 20 ಸೆಕೆಂಡ್ ಮಣಿಯಲ್ಲಿಟ್ಟು, ಆರಿಸಿ, ಒಂದೊಂದು ಬ್ರಾತ್‌ಗೆ. ಐದನೇ ಟ್ಯೂಬಿಗೆ ಏನೂ ಬೇಡ. 37 ಡಿಗ್ರಿಯಲ್ಲಿ 48 ಗಂಟೆ ಇಡಿ.

ಕಾಯಿಸದ ಟ್ಯೂಬು ಮೋಡ ಕವಿದಂತೆ ಮಸುಕಾಗಬೇಕು. ಏನೂ ಹಾಕದ್ದು ತಿಳಿಯಾಗೇ ಇರಬೇಕು. ಈ ಎರಡೂ ಸರಿ ಬರದಿದ್ದರೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ, ಮತ್ತೆ ಮಾಡಿ. ಮಧ್ಯದ ಮೂರರಲ್ಲಿ ಎಷ್ಟು ಸೆಕೆಂಡಿಗೆ ತಿಳಿಯಾಗಿ ಉಳಿಯಿತೋ ಅದರ ಎರಡರಷ್ಟನ್ನು ನಾನು ನನ್ನ ಸಮಯ ಅಂತ ಇಟ್ಟುಕೊಳ್ಳುತ್ತೇನೆ. 20 ಸೆಕೆಂಡಿಗೂ ಮಸುಕಾದರೆ ಮೊದಲು ಶಾಖ ಅಳೆಯಿರಿ. ಹಾಟ್ ಏರ್ ಓವನ್‌ಗಾದರೆ ಬ್ಯಾಸಿಲಸ್ ಅಟ್ರೋಫಿಯಸ್ ಸ್ಪೋರ್ ಇರುವ ರೆಡಿ ಪಟ್ಟಿಗಳು ಸಿಗುತ್ತವೆ. ಆಟೊಕ್ಲೇವ್‌ಗೆ ಇಡುವ ಪಟ್ಟಿ ಬೇರೆ, ಅದು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್. ಅದಲುಬದಲು ಮಾಡಬೇಡಿ.

ಪದೇ ಪದೇ ಬರುವ ಇನ್ನೆರಡು ಪ್ರಶ್ನೆ

ಬ್ಯೂಟಿ ಪಾರ್ಲರ್‌ಗೆ ಅಂತ ಮಾರುವ ಕಡಿಮೆ ಬೆಲೆಯ ಮಣಿ ಯಂತ್ರ ಆಗುತ್ತದಾ? ಥರ್ಮೋಕಪಲ್ ಇಳಿಸಿ ನೋಡಿ. ಮಧ್ಯದಲ್ಲಿ 220 ಡಿಗ್ರಿಯೂ ಬರದಿದ್ದರೆ ವಾಪಸ್ ಕೊಡಿ. ಗುಳಿಯ ಆಳವೂ ನೋಡಿ, ಹಲವು ಯಂತ್ರಗಳಲ್ಲಿ ಉಗುರು ಕತ್ತರಿಯ ತುದಿಗಷ್ಟೇ ಜಾಗ.

ಹಲ್ಲಿನ ಕ್ಲಿನಿಕ್‌ನವರು ಇದನ್ನೇ ಬಳಸಬಹುದಾ? ಬೇಡ. ಹಲ್ಲಿನ ಸಲಕರಣೆಗೆ ಮಣಿ ಸ್ಟೆರಿಲೈಸರ್ ನಂಬಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2008ರ ಮಾರ್ಗಸೂಚಿಯಲ್ಲೇ ಎಚ್ಚರಿಸಿದೆ. ಅಲ್ಲಿ ಆಟೊಕ್ಲೇವ್ ಬೇಕು.

ದಿನದ ಕೊನೆಗೆ

ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಬಿಸಿ ಗುಳಿಯ ಮೇಲೆ ಪ್ಲಾಸ್ಟಿಕ್ ಮುಚ್ಚಳವನ್ನೋ ಬಟ್ಟೆಯನ್ನೋ ಹಾಕಬೇಡಿ. ಲ್ಯಾಬಿಗೆ ಬೀಗ ಹಾಕುವ ಕನಿಷ್ಠ ಎರಡು ಗಂಟೆ ಮುಂಚೆ ಆಫ್ ಆಗಿದ್ದರೆ ಒಳ್ಳೆಯದು. ಗುಡಿಸಲು ಬರುವ ಅಕ್ಕನಿಗೆ ಅದು ಬಿಸಿ ಅಂತ ಗೊತ್ತಿರುವುದಿಲ್ಲ. "ಬಿಸಿ ಇದೆ, ಮುಟ್ಟಬೇಡಿ" ಅಂತ ಕನ್ನಡದಲ್ಲಿ ಬೋರ್ಡು ಇಡಿ.

ಮಣಿ ಬೂದುಬಣ್ಣಕ್ಕೆ ತಿರುಗಿದರೆ, ಒಡೆದ ಚೂರು ಕಂಡರೆ, ಗಡ್ಡೆ ಕಟ್ಟಿದರೆ ಪೂರ್ತಿ ಬದಲಾಯಿಸಿ. ಹಳೆಯದರ ಮೇಲೆ ಹೊಸದು ಸುರಿಯಬೇಡಿ. ತೆಗೆಯುವುದು ಮಾರನೇ ದಿನ ಬೆಳಗ್ಗೆ, ಪೂರ್ತಿ ತಣ್ಣಗಾದ ಮೇಲೆ. ಹಳೇ ಮಣಿ ಸಿಂಕಿಗೆ ಹಾಕಿದರೆ ಪೈಪಿನ ಬಾಗಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಒಡೆದ ಗಾಜಿನ ಡಬ್ಬಿಗೇ ಹಾಕಿ.